ಕುದುರೆ ನಿಂತಾಗ, ಗಾಡಿ ಕೆಟ್ಟಾಗ: ಚಿಫೆಲಿಯ ಸವಾರಿ ಕಥನವನ್ನು ಓದುತ್ತ

ಕಳೆದ ಆಷಾಢದಲ್ಲಿ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಮರುದಿನ ಬೆಳಿಗ್ಗೆ ಅವ್ವನ ಮೊಣಕಾಲಿನ ಆಪರೇಷನ್ ಇತ್ತು. ಕೊಲ್ಹಾಪುರದವರೆಗೆ ಸಣ್ಣಗೆ ಹಿಡಿದಿದ್ದ ಮಳೆ ನಿಪ್ಪಾಣಿ ದಾಟುವಷ್ಟರಲ್ಲಿ ವೈಪರ್‌ಗೆ ಜಗ್ಗದಂತಾಯಿತು. ತವಂದಿ ಘಾಟಿನ ಏರಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೆಂಪು ದೀಪ ಹತ್ತಿತು. ಹಿಂದೆಯೇ ಇನ್ನೊಂದು. ಕಾರು ನಿಂತೇಬಿಟ್ಟಿತು. ಸಹಾಯವಾಣಿಯ ಹುಡುಗಿ ತೊಂಬತ್ತು ನಿಮಿಷ ಅಂದಳು. ಕೊನೆಗೆ ಆದದ್ದು ನಾಲ್ಕೂವರೆ ಗಂಟೆ.

ಆ ನಾಲ್ಕೂವರೆ ಗಂಟೆಯಲ್ಲಿ ನಾನು ಫೋನಿನಲ್ಲಿ ಓದುತ್ತಿದ್ದದ್ದು ಏಮೆ ಫೆಲಿಕ್ಸ್ ಚಿಫೆಲಿ ಎಂಬುವನ ಕುದುರೆ ಸವಾರಿಯ ಪುಸ್ತಕ. ಇಂಗ್ಲಿಷಿನಲ್ಲಿ 1933ರಲ್ಲಿ ಬಂದದ್ದು. ಇಂಗ್ಲೆಂಡಿನಲ್ಲಿ 'ಸದರ್ನ್ ಕ್ರಾಸ್ ಟು ಪೋಲ್ ಸ್ಟಾರ್' ಎಂದೂ ಅಮೆರಿಕದಲ್ಲಿ 'ಚಿಫೆಲೀಸ್ ರೈಡ್' ಎಂದೂ ಹೆಸರು. ಬ್ಯಾಟರಿ ಉಳಿಸಬೇಕು ಎಂದು ಗೊತ್ತಿದ್ದೂ ಓದಿದೆ. ಕುದುರೆ ಕಂಡರೆ ಕಾಲುನೋವು ಎನ್ನುವ ಗಾದೆಗೆ ತಕ್ಕ ಮನುಷ್ಯ ನಾನು, ಆಫೀಸಿನಲ್ಲಿ ಎರಡನೇ ಮಹಡಿಗೂ ಲಿಫ್ಟ್ ಹತ್ತುವವನು. ಹತ್ತು ಸಾವಿರ ಮೈಲಿ ಕುದುರೆಯ ಮೇಲೆ ಹೋದವನ ಕತೆ ನನಗೆ ಯಾಕೆ ಬೇಕಿತ್ತೋ. ಆದರೆ ಗಾಡಿ ಕೆಟ್ಟು ನಿಂತವನಿಗೆ ಪ್ರಯಾಣದ ಪುಸ್ತಕ ಬೇರೆಯೇ ರೀತಿ ಕಾಣಿಸುತ್ತದೆ. ಲೇಖಕ ಎಷ್ಟು ದೂರ ಹೋದ ಎನ್ನುವುದು ಹಿಂದೆ ಸರಿದು, ನಿಂತಾಗ ಏನು ಮಾಡಿದ ಎನ್ನುವುದು ಮುಂದೆ ಬರುತ್ತದೆ. ಈ ಬರಹ ಆ ಓದಿನದು.

ಮೊದಲು ಪುಸ್ತಕದ ಪರಿಚಯ. ಚಿಫೆಲಿ 1895ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವನು. ಅರ್ಜೆಂಟೀನಾಕ್ಕೆ ವಲಸೆ ಹೋಗಿ ಬ್ಯೂನಸ್ ಐರಿಸ್ ಬಳಿ ಇಂಗ್ಲಿಷ್ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ. ಅಂದರೆ ನಮ್ಮ ಹಾಗೆಯೇ, ಊರು ಬಿಟ್ಟು ಹೋಗಿ ಇನ್ನೊಬ್ಬರ ಭಾಷೆಯಲ್ಲಿ ಸಂಬಳ ಎಣಿಸುತ್ತಿದ್ದವನು. ಆ ನಾಡಿನ ಕ್ರಿಯೊಲ್ಲೊ ತಳಿಯ ಕುದುರೆಗಳು ಎಷ್ಟು ಗಟ್ಟಿ ಎಂದು ತೋರಿಸಬೇಕೆಂಬ ಹುಚ್ಚು ಹಿಡಿಯಿತು. ಎಮಿಲಿಯೊ ಸೊಲಾನೆತ್ ಎಂಬ ತಳಿಗಾರ ಅವನಿಗೆ ಎರಡು ಕುದುರೆ ಕೊಟ್ಟ. ಒಂದು ಮಾಂಚಾ, ಅಂದರೆ ಮಚ್ಚೆ. ಇನ್ನೊಂದು ಗಾತೊ, ಅಂದರೆ ಬೆಕ್ಕು. ಪೆಟಗೋನಿಯಾದ ಬಯಲಿನಲ್ಲಿ ಬೆಳೆದವು, ಹದಿನೈದು ವರ್ಷ ದಾಟಿದವು. ಪಟ್ಟಣಕ್ಕೆ ತಂದಾಗ ಮುಂದಿಟ್ಟ ಒಳ್ಳೆಯ ಮೇವನ್ನು ಮೂಸಿಯೂ ನೋಡದೆ, ಮಲಗಲು ಹಾಸಿದ್ದ ಒಣಹುಲ್ಲನ್ನು ತಿಂದವಂತೆ. ಈ ಎರಡು ವಯಸ್ಸಾದ ಕುದುರೆಗಳನ್ನು ಕಟ್ಟಿಕೊಂಡು 1925ರ ಏಪ್ರಿಲ್‌ನಲ್ಲಿ ಬ್ಯೂನಸ್ ಐರಿಸ್‌ನಿಂದ ಹೊರಟ. ಬೊಲಿವಿಯಾ, ಪೆರು, ಈಕ್ವೆಡಾರ್, ಕೊಲಂಬಿಯಾ, ಮಧ್ಯ ಅಮೆರಿಕ, ಮೆಕ್ಸಿಕೊ ಹಾದು 1928ರಲ್ಲಿ ವಾಷಿಂಗ್ಟನ್ ಮುಟ್ಟಿದ. ಕೊಲಂಬಿಯಾದಿಂದ ಪನಾಮಾಕ್ಕೆ ಹಡಗಿನಲ್ಲಿ ಹೋದ. ನಿಕರಾಗುವಾದಲ್ಲಿ ಕಾದಾಟ ನಡೆದಿದ್ದರಿಂದ ಅಲ್ಲಿಯೂ ಸಮುದ್ರದ ದಾರಿ ಹಿಡಿದ. ಇದನ್ನೆಲ್ಲ ಮುಚ್ಚಿಡದೆ ಹೇಳುತ್ತಾನೆ. ಪುಸ್ತಕದ ಮೇಲೆ ನನಗೆ ಮೊದಲು ನಂಬಿಕೆ ಹುಟ್ಟಿದ್ದು ಇಲ್ಲಿ.

ಸಾಹಸದ ಪುಸ್ತಕಗಳಿಗೆ ಒಂದು ಚಟವಿದೆ. ಬಿರುಗಾಳಿ ಬಂದಾಗ ವಾಕ್ಯಗಳೂ ಬಿರುಗಾಳಿಯಾಗುತ್ತವೆ. ಆಕಾಶ ಕಪ್ಪಾಗುತ್ತದೆ, ವಿಶೇಷಣಗಳು ಸಿಡಿಲಿನಂತೆ ಎರಗುತ್ತವೆ, ಲೇಖಕ ಇನ್ನೇನು ಸತ್ತ ಎನ್ನುವಲ್ಲಿ ಅಧ್ಯಾಯ ಮುಗಿಯುತ್ತದೆ. ಚಿಫೆಲಿ ಹಾಗಲ್ಲ. ಪೆರುವಿನ ಬೆಟ್ಟಗಳಲ್ಲಿ ಮಳೆಗಾಲ ಅವನನ್ನು ಹಿಡಿಯುತ್ತದೆ. ಹೊಳೆಗಳು ತುಂಬಿವೆ, ಗುಡ್ಡ ಕುಸಿದು ದಾರಿ ಮುಚ್ಚಿದೆ. ಸ್ಥಳೀಯ ಇಂಡಿಯನ್ ಒಬ್ಬನನ್ನು ದಾರಿ ತೋರಿಸಲು ಕರೆದುಕೊಂಡು, ಸುತ್ತುಬಳಸಿ ಬೆಟ್ಟ ಹತ್ತಿ ಹೋಗುತ್ತಾನೆ. ನಡುವೆ ಕಂದರದ ಮೇಲೊಂದು ತೂಗುಸೇತುವೆ. ಮೊದಲು ಮಾಂಚಾ, ಆಮೇಲೆ ಗಾತೊ. ಸೇತುವೆ ನಡುವೆ ತೂಗಾಡುವುದು, ಕುದುರೆ ನಿಂತು ಮತ್ತೆ ಹೆಜ್ಜೆ ಇಡುವುದು, ಆಚೆ ದಡ. ಓದುವವನ ಅಂಗೈ ಬೆವರುತ್ತದೆ. ಬರೆಯುವವನದು ಬೆವರಿದ ಸುಳಿವಿಲ್ಲ.

ಇನ್ನೊಂದು ಕಡೆ ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಗಾತೊ ಕಾಲು ಜಾರಿ ಪ್ರಪಾತದ ಕಡೆಗೆ ಉರುಳುತ್ತದೆ. ಒಂಟಿ ಮರವೊಂದು ಅಡ್ಡವಿದ್ದದ್ದರಿಂದ ನಿಲ್ಲುತ್ತದೆ. ಚಿಫೆಲಿಯ ಗಮನ ಪೂರ್ತಿ ಕೆಲಸದ ಮೇಲೆ: ಹೊರೆ ಬಿಚ್ಚಬೇಕು, ಕುದುರೆ ಅಲುಗದ ಹಾಗೆ ನೋಡಿಕೊಳ್ಳಬೇಕು, ಹಗ್ಗ ಕಟ್ಟಬೇಕು, ಮೇಲೆ ತರಬೇಕು. ಭಯವನ್ನು ಹೆಸರಿಸಿ ಹೇಳದೆ ಕೆಲಸಗಳ ಅನುಕ್ರಮದಲ್ಲೇ ಕಾಣಿಸುವುದು ಈ ಗದ್ಯದ ಗುಣ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಕಾಲ್‌ನಲ್ಲಿ ಇರಬೇಕಾದ ಮನುಷ್ಯ ಇಂಥವನು ಅನ್ನಿಸಿತು. ಕೂಗಾಡುವುದಿಲ್ಲ, ಮುಂದಿನ ಹೆಜ್ಜೆ ಹೇಳುತ್ತಾನೆ.

ಪೆರುವಿನ ಕರಾವಳಿಯಲ್ಲಿ ಒಂದು ಮರಳುಗಾಡಿದೆ. ಅದರ ಹೆಸರೇ ಮಾತಾಕಬಾಯೊ, ಕುದುರೆ ಕೊಲ್ಲುವುದು ಎಂದರ್ಥ. ಅದನ್ನು ದಾಟುವಾಗ ಕುದುರೆಗಳಿಗೆ ನೀರು ಹೊರಿಸಿಕೊಂಡು ಹೋಗದಿರಲು ತೀರ್ಮಾನಿಸುತ್ತಾನೆ. ನೀರಿನ ಭಾರ ಹೊತ್ತು ಸೊರಗುವುದಕ್ಕಿಂತ ಹಗುರಾಗಿ, ಬೇಗ ದಾಟುವುದೇ ಮೇಲು ಎಂಬ ಲೆಕ್ಕ. ರಿಸ್ಕ್ ರಿಜಿಸ್ಟರ್ ತುಂಬುವುದೇ ಕಸುಬಾದ ನನಗೆ ಇದು ಪಾಠದಂತಿತ್ತು. ಎಲ್ಲ ಅಪಾಯಕ್ಕೂ ಒಂದೊಂದು ಸಾಮಾನು ಹೊರಿಸುತ್ತ ಹೋದರೆ ಸಾಮಾನೇ ಅಪಾಯವಾಗುತ್ತದೆ ಎಂದು ನಮ್ಮ ಸ್ಪ್ರೆಡ್‌ಶೀಟಿನಲ್ಲಿ ಬರೆಯಲು ಕಾಲಂ ಇಲ್ಲ.

ಆದರೆ ಇಡೀ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಘಟನೆ ಇದ್ಯಾವುದೂ ಅಲ್ಲ. ಅದು ತೀರಾ ಸಣ್ಣದು. ದಾರಿಗೆ ಅಡ್ಡವಾಗಿ ಆಳವಿಲ್ಲದ ನೀರು ನಿಂತಿದೆ. ಗಾತೊ ಕಾಲಿಡಲು ಒಪ್ಪುವುದಿಲ್ಲ. ಚಿಫೆಲಿ ಒತ್ತಾಯಿಸುತ್ತಾನೆ. ಕುದುರೆ ಜಪ್ಪಯ್ಯ ಅನ್ನುವುದಿಲ್ಲ. ಅಷ್ಟರಲ್ಲಿ ದೂರದಿಂದ ಇಂಡಿಯನ್ ಒಬ್ಬ ಕೂಗುತ್ತ ಓಡಿಬಂದು, ಅದು ಹೂಳುವ ಉಸುಕು ಎಂದು ತಿಳಿಸಿ ಬೇರೆ ದಾರಿ ತೋರಿಸುತ್ತಾನೆ. ಪೆಟಗೋನಿಯಾದಲ್ಲಿ ಬೆಳೆದ ಕುದುರೆಗೆ ಗೊತ್ತಿದ್ದದ್ದು ಸವಾರನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಇದನ್ನು ತನ್ನ ಮೇಲೆ ಹಾಕಿಕೊಂಡು ಬರೆದಿದ್ದಾನೆ.

ಕುದುರೆ ನಿಲ್ಲುವುದಕ್ಕೂ ಗಾಡಿ ನಿಲ್ಲುವುದಕ್ಕೂ ಇರುವ ಅಂತರ ಈ ಪುಟದಲ್ಲಿದೆ. ನನ್ನ ಕಾರಿನ ಕೆಂಪು ದೀಪವೂ ಏನನ್ನೋ ಹೇಳಿತ್ತು. ಅದು ತನ್ನ ಬಗ್ಗೆ ಹೇಳಿಕೊಂಡದ್ದು: ನನ್ನೊಳಗೆ ಏನೋ ಕೆಟ್ಟಿದೆ. ಗಾತೊ ಹೇಳಿದ್ದು ದಾರಿಯ ಬಗ್ಗೆ. ಅದಕ್ಕೆ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದೆಂದು ಸವಾರ ತಪ್ಪು ತಿಳಿದ. ಒಳ್ಳೆಯ ಟೆಸ್ಟರ್ ಒಬ್ಬ ರಿಲೀಸಿಗೆ ಸಹಿ ಹಾಕುವುದಿಲ್ಲ ಅಂದಾಗ ನಾನು ಎಷ್ಟು ಸಲ ಹಿಮ್ಮಡಿ ಒತ್ತಿದ್ದೇನೆ ಎಂದು ಘಾಟಿನಲ್ಲಿ ಕೂತು ಎಣಿಸಿದೆ. ಎಣಿಕೆ ಬೇಗ ಮುಗಿಯಲಿಲ್ಲ.

ಚಿಫೆಲಿ ಈ ವಸ್ತುವಿಗೆ ಮತ್ತೆರಡು ಸಲ ಮರಳಿದ. 1934ರಲ್ಲಿ 'ದಿ ಟೇಲ್ ಆಫ್ ಟೂ ಹಾರ್ಸಸ್' ಬಂತು. ಅದೇ ಪ್ರಯಾಣವನ್ನು ಕುದುರೆಗಳೇ ಹೇಳುವ ಪುಸ್ತಕ. ಮಕ್ಕಳಿಗೆ ಓದಿ ಹೇಳಲು ಚೆನ್ನಾಗಿದೆ. ಆದರೆ ನನ್ನ ಮಟ್ಟಿಗೆ ಅದು ಮೊದಲ ಪುಸ್ತಕಕ್ಕಿಂತ ಕಡಿಮೆಯದು. ಅಲ್ಲಿ ಕುದುರೆಗೆ ಮಾತು ಬಂದಿದೆ, ಮಾತು ಬಂದ ಕೂಡಲೇ ಅದು ಮೇಷ್ಟ್ರ ಮಾತಾಗಿದೆ. ನೀರಿನ ಮುಂದೆ ಸುಮ್ಮನೆ ನಿಂತ ಗಾತೊ ಹೇಳಿದ್ದೇ ಹೆಚ್ಚು.

ಇನ್ನೊಂದು, 1940ರ 'ದಿಸ್ ವೇ ಸೌತ್‌ವರ್ಡ್'. ಅದರಲ್ಲಿ ಅವನು ಪೆಟಗೋನಿಯಾ ಮತ್ತು ಟಿಯೆರಾ ದೆಲ್ ಫ್ಯೂಗೊ ಕಡೆಗೆ, ದಕ್ಷಿಣ ತುದಿಗೆ, ಹೋದದ್ದು ಮೋಟಾರು ಕಾರಿನಲ್ಲಿ. ಅದೇ ಕಣ್ಣು, ಅದೇ ತಿಳಿಹಾಸ್ಯ. ಆದರೂ ಕಾರು ಕೊನೆಯವರೆಗೆ ಪಾತ್ರವಾಗುವುದಿಲ್ಲ, ಸಾಮಾನಾಗಿಯೇ ಉಳಿಯುತ್ತದೆ. ಆ ಪ್ರವಾಸದಲ್ಲಿ ಅವನು ತನ್ನ ಹಳೆಯ ಕುದುರೆಗಳನ್ನು ನೋಡಲು ಹೋಗುತ್ತಾನೆ. ದೊಡ್ಡ ಪ್ರಯಾಣ ಮುಗಿದು ಹತ್ತಿರ ಹತ್ತಿರ ಒಂಬತ್ತು ವರ್ಷ. ಕರೆದರೆ ಬರುತ್ತವೆ. ಕಾರಿನ ಪ್ರವಾಸದಲ್ಲಿ ನನಗೆ ನೆನಪಿರುವುದು ಕಾರಿನಿಂದ ಇಳಿದ ಆ ಹೊತ್ತು ಮಾತ್ರ.

ಕಾರು ಮತ್ತು ಕುದುರೆಯ ನಿಜವಾದ ಮುಖಾಮುಖಿ ಮೊದಲ ಪುಸ್ತಕದ ಕೊನೆಯಲ್ಲಿಯೇ ಇದೆ. ಆಂಡೀಸ್‌ನಲ್ಲಿ 5,000 ಮೀಟರ್‌ಗೂ ಮೇಲಿನ ದಾರಿ ದಾಟಿದ ಕುದುರೆಗಳು ಅಮೆರಿಕ ಸಂಯುಕ್ತ ಸಂಸ್ಥಾನದ ನುಣುಪು ರಸ್ತೆಗೆ ಬರುತ್ತವೆ. ಅಲ್ಲಿ ಹಿಮವಿಲ್ಲ, ಕುಸಿಯುವ ಗುಡ್ಡವಿಲ್ಲ, ಹೂಳುವ ಉಸುಕಿಲ್ಲ. ಮೋಟಾರುಗಳಿವೆ. ಎರಡು ಕುದುರೆಗಳನ್ನು ಆ ದಟ್ಟಣೆಯಲ್ಲಿ ನಡೆಸುವುದು ಆಗದೆಂದು ಸೇಂಟ್ ಲೂಯಿಸ್‌ನಲ್ಲಿ ಗಾತೊವನ್ನು ಬಿಡಬೇಕಾಗುತ್ತದೆ. ಮಾಂಚಾದೊಂದಿಗೆ ವಾಷಿಂಗ್ಟನ್ನಿನವರೆಗೆ ಹೋಗುತ್ತಾನೆ. ಕಾರುಗಳಿಂದ ಆದ ಅಪಘಾತಗಳ ನಂತರ, ಸವಾರಿಯನ್ನು ಅಲ್ಲಿಗೇ ಮುಗಿಸುತ್ತಾನೆ. ಮರಳುಗಾಡು ಮಾಡಲಾಗದ್ದನ್ನು ಒಳ್ಳೆಯ ರಸ್ತೆ ಮಾಡಿತು. ಇದರ ಮೇಲೆ ಅವನು ಉಪನ್ಯಾಸ ಕೊಡುವುದಿಲ್ಲ. ನಿಂತ, ಅಷ್ಟೆ. ಗಾತೊವಿನಿಂದ ಕಲಿತದ್ದಿರಬೇಕು.

ಕೊನೆಗೆ ಮರಳುವ ದಾರಿ. ಕುದುರೆಗಳ ಸಮೇತ ವೆಸ್ಟ್ರಿಸ್ ಎಂಬ ಹಡಗಿನಲ್ಲಿ ಬ್ಯೂನಸ್ ಐರಿಸ್‌ಗೆ ಹೊರಡಬೇಕಿತ್ತು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯಲ್ಲಿ ಮಾತಾಡಲು ಕರೆ ಬಂದದ್ದರಿಂದ ಪ್ರಯಾಣ ಮುಂದಕ್ಕೆ ಹೋಯಿತು. 1928ರ ನವೆಂಬರ್ 10ರಂದು ನ್ಯೂಯಾರ್ಕಿನಿಂದ ಹೊರಟ ವೆಸ್ಟ್ರಿಸ್, ಬಿರುಗಾಳಿಗೆ ಸಿಕ್ಕಿ, ಒಳಗೆ ನೀರು ತುಂಬಿ, ಒಂದು ಪಕ್ಕಕ್ಕೆ ವಾಲಿ, 12ರಂದು ಮುಳುಗಿತು. ನೂರಕ್ಕೂ ಹೆಚ್ಚು ಜನ ಸತ್ತರು. ಮೂರು ವರ್ಷ ಬಿರುಗಾಳಿಯೊಳಗೆ ನಡೆದವರನ್ನು ಉಳಿಸಿದ್ದು ಒಂದು ಭಾಷಣದ ತಡ. ಸಿನಿಮಾದವರಾದರೆ ಇಲ್ಲಿ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ಚಿಫೆಲಿಗೆ ಕೆಲವು ಸಾಲು ಸಾಕು.

ಮುಂದೆ ಅವು ಅರ್ಜೆಂಟೀನಾದಲ್ಲೇ ಬಾಳಿ, ಗಾತೊ 1944ರಲ್ಲಿ, ಮಾಂಚಾ 1947ರಲ್ಲಿ ಸತ್ತವು. ಲುಹಾನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಅವುಗಳ ದೇಹಗಳನ್ನು ಕಾಪಾಡಿ ಇಟ್ಟಿದ್ದಾರೆ.

ಇಷ್ಟು ಮೆಚ್ಚಿಕೊಂಡ ಮೇಲೆ ತಕರಾರು ಹೇಳಲೇಬೇಕು. ಕುದುರೆಗಳಿಗೆ ಹೆಸರಿದೆ, ಸ್ವಭಾವವಿದೆ, ಸಮಾಧಿಗಿಂತ ದೊಡ್ಡ ಗೌರವವಿದೆ. ತೂಗುಸೇತುವೆಗೆ ಕರೆತಂದವನ ಹೆಸರೇನು? ಉಸುಕಿನ ಕಡೆಗೆ ಕೂಗುತ್ತ ಓಡಿಬಂದವನ ಹೆಸರೇನು? ಗುಡಿಸಲಲ್ಲಿ ರಾತ್ರಿ ಜಾಗ ಕೊಟ್ಟವರ, ತಮಗೇ ಇಲ್ಲದಲ್ಲಿ ಕುದುರೆಗೆ ಮೇವು ಹೊಂದಿಸಿದವರ ಹೆಸರೇನು? ಹೆಚ್ಚಿನವರು ಪುಸ್ತಕದಲ್ಲಿ ಬರೀ 'ಇಂಡಿಯನ್'. ಒಂದು ವಾಕ್ಯದಲ್ಲಿ ಬರುತ್ತಾರೆ, ಸವಾರನನ್ನು ಉಳಿಸುತ್ತಾರೆ, ಮುಂದಿನ ವಾಕ್ಯಕ್ಕೆ ಇರುವುದಿಲ್ಲ. ಅವರ ಕೊಳೆ, ಕುಡಿತ, ಕೋಕಾ ಎಲೆ ಅಗಿಯುವುದು ಇವೆಲ್ಲ ಕಣ್ಣಿಗೆ ಬೀಳುತ್ತವೆ. ಆಪತ್ತಿನಲ್ಲಿ ಅವರು ಬಂದದ್ದು ಹವಾಮಾನದಂತೆ ಬಂದಂತಿದೆ.

ಕಾಲ ಹಾಗಿತ್ತು, 1933ರ ಬಿಳಿಯ ಲೇಖಕನಿಂದ ಇನ್ನೇನು ಬಯಸುವುದು ಅನ್ನಬಹುದು. ನನಗೆ ಆ ಉತ್ತರ ಸಾಲದು. ಯಾಕೆಂದರೆ ಈ ಮನುಷ್ಯನಿಗೆ ನೋಡುವ ಕಣ್ಣು ಇಲ್ಲದಿರಲಿಲ್ಲ. ಕುದುರೆಯ ಕಿವಿ ಯಾವ ಕಡೆ ತಿರುಗಿತು ಎಂದು ನೆನಪಿಟ್ಟವನು ಅವನು. ಕಷ್ಟ ಇರುವುದು ಸಾಹಸ ಕಥನದ ಕಟ್ಟಿನಲ್ಲೇ. ಗಾಡಿ ಕೆಟ್ಟಾಗ, ಮಳೆ ಹೊಡೆದಾಗ, ಕತೆ ಇಬ್ಬರದಾಗುತ್ತದೆ: ನಿಂತವನದು, ಎತ್ತಿದವನದು. ಪ್ರಯಾಣ ಮತ್ತೆ ಹೊರಟ ಕೂಡಲೇ ಕತೆ ನಿಂತವನ ಜೊತೆ ಹೊರಟುಹೋಗುತ್ತದೆ. ಎತ್ತಿದವನು ಅಲ್ಲೇ ಉಳಿಯುತ್ತಾನೆ. ಹೀಗೆ ಓದಿದರೆ, 'ಒಬ್ಬನೇ ಸವಾರ' ಎಂಬ ಈ ಪುಸ್ತಕದ ಹೆಗ್ಗಳಿಕೆ ಸ್ವಲ್ಪ ಸಡಿಲವಾಗುತ್ತದೆ.

ಬೇರೆ ರೀತಿ ಹೇಳಲು ಸಾಧ್ಯ ಎಂದು ನನಗೆ ಗೊತ್ತಿರುವುದು ನಮ್ಮ ಅಜ್ಜಿಯಿಂದ. ಅಜ್ಜ ಧಾರವಾಡದಲ್ಲಿ ಟಾಂಗಾ ಹೊಡೆಯುತ್ತಿದ್ದ. ಒಮ್ಮೆ ಅಡ್ಡಮಳೆಯಲ್ಲಿ, ಬಾಣಂತಿಯೊಬ್ಬಳನ್ನು ತವರಿಗೆ ಬಿಡಲು ಹೋದಾಗ, ಟಾಂಗಾದ ಚಕ್ರ ಕಿತ್ತುಬಂದು ಕುದುರೆ ಮಂಡಿಯೂರಿತಂತೆ. ಈ ಕತೆಯನ್ನು ಅಜ್ಜಿ ನೂರು ಸಲ ಹೇಳಿರಬೇಕು. ಅದರಲ್ಲಿ ಸಿಡಿಲು ಗುಡುಗು ಇರುತ್ತಿರಲಿಲ್ಲ, ಅಜ್ಜನ ಪರಾಕ್ರಮವಂತೂ ಇಲ್ಲವೇ ಇಲ್ಲ. ಇದ್ದದ್ದು ಪಟ್ಟಿ. ಬಡಿಗೇರ ಮನೆಯ ಹಿರಿಮಗ ಕೀಲು ಕೊಟ್ಟ, ಕಂಬಾರ ಓಣಿಯಿಂದ ಇಂಥವರು ಬಂದರು, ಕುದುರೆಯ ಕಾಲಿಗೆ ಅರಿಶಿನ ಬಿಸಿ ಮಾಡಿ ಕೊಟ್ಟವಳು ಇಂಥವರ ಸೊಸೆ. ಎಲ್ಲ ಹೆಸರು ಹಿಡಿದು, ಮನೆತನ ಹಿಡಿದು. ಚಿಕ್ಕವರಿದ್ದಾಗ ನಮಗೆ ಬೇಸರ ಬರುತ್ತಿತ್ತು. 'ಮುಂದೇನಾತು ಹೇಳಬೇ' ಅಂದರೆ, 'ಇದs ಮುಂದಿಂದು' ಅನ್ನುತ್ತಿದ್ದಳು. ಆ ಪಟ್ಟಿ ಅವಳಿಗೆ ಸಾಲದ ಪುಸ್ತಕ. ಯಾರ ಮನೆಯಲ್ಲಿ ಮದುವೆಯಾದರೆ ಹೋಗಲೇಬೇಕು ಎಂಬುದು ಅದರಲ್ಲಿತ್ತು.

ತವಂದಿ ಘಾಟಿನಲ್ಲಿ ನನ್ನ ಕಾರಿನ ಗಾಜು ತಟ್ಟಿದವನು ಕೆಳಗಿನ ಚಹಾದಂಗಡಿಯವನು. ಮೊದಲು ಮರಾಠಿಯಲ್ಲಿ ಕೇಳಿದ, ನನ್ನ ಮರಾಠಿ ಕೇಳಿ ಕನ್ನಡಕ್ಕೆ ಬಂದ. 'ಇಲ್ಲಿ ಕುಂದರಬ್ಯಾಡ್ರೀ, ಹಿಂದಿನಿಂದ ಲಾರಿ ಬಂದ್ರ ಕಾಣೂದಿಲ್ಲ' ಅಂದ. ಇನ್ನಿಬ್ಬರನ್ನು ಕರೆತಂದು ಕಾರನ್ನು ಅಂಚಿಗೆ ತಳ್ಳಿದ, ಹಿಂದೆ ಟೊಂಗೆ ಮುರಿದು ಹಾಕಿದ, ನನ್ನನ್ನು ತಾಡಪತ್ರೆಯ ಕೆಳಗೆ ಕೂರಿಸಿ ಚಹಾ ಕೊಟ್ಟ, ಫೋನ್ ಚಾರ್ಜಿಗೆ ಇಟ್ಟ. ಚಿಫೆಲಿಯ ಪುಸ್ತಕ ಓದಿ ಮುಗಿಸಿದ್ದು ಅವನ ಕರೆಂಟಿನಲ್ಲಿ. ಹೆಸರಿಲ್ಲದ ಇಂಡಿಯನ್ನರ ಬಗ್ಗೆ ಮನಸ್ಸಿನಲ್ಲೇ ಒಂದು ಖಡಕ್ ಪ್ಯಾರಾ ಬರೆದುಕೊಂಡದ್ದೂ ಅಲ್ಲೇ. ಟೋಯಿಂಗ್ ಗಾಡಿ ಬಂತು. ಚಹಾದ ದುಡ್ಡು ಕೊಟ್ಟು ಹತ್ತಿ ಹೊರಟೆ.

ಸಂಕೇಶ್ವರ ದಾಟಿದ ಮೇಲೆ ನೆನಪಾಯಿತು, ಅವನ ಹೆಸರು ಕೇಳಿರಲಿಲ್ಲ.

ಅದಾಗಿ ಮೂರು ವಾರಕ್ಕೆ ಆಫೀಸಿನಲ್ಲಿ ದೊಡ್ಡದೊಂದು ಸಿಸ್ಟಂ ಹದಿನಾಲ್ಕು ಗಂಟೆ ನಿಂತಿತ್ತು. ವರದಿ ಬರೆದವನು ನಾನು. ಯಾವ ಘಟಕ ಕೆಟ್ಟಿತು, ಎಷ್ಟು ಹೊತ್ತಿಗೆ ಸರಿಯಾಯಿತು, ಇನ್ನು ಮುಂದೆ ಏನು ಮಾಡಬೇಕು, ಎಲ್ಲ ಇತ್ತು. ರಾತ್ರಿಯಿಡೀ ಕೂತು ಅದನ್ನು ಎಬ್ಬಿಸಿದ್ದು ಗುತ್ತಿಗೆಯ ಮೇಲಿದ್ದ ಹುಡುಗಿ. ಕರಡಿನಲ್ಲಿ ನಾನು ಬರೆದದ್ದು 'ಸಪೋರ್ಟ್ ತಂಡ'. ಈ ಪುಸ್ತಕ ಓದಿರದಿದ್ದರೆ ಹಾಗೆಯೇ ಕಳಿಸುತ್ತಿದ್ದೆ. ಹೆಸರು ಸೇರಿಸಿದೆ. ಮೇಲಿನಿಂದ, ವರದಿಯಲ್ಲಿ ವ್ಯಕ್ತಿಗಳ ಹೆಸರು ಬೇಡ, ಅದು ನಮ್ಮ ಪದ್ಧತಿಯಲ್ಲ ಎಂದು ಮರಳಿ ಬಂತು. ತೆಗೆದು ಕಳಿಸಿದೆ. ಚಿಫೆಲಿಯ ಬಗ್ಗೆ ಜೋರಾಗಿ ಮಾತಾಡುವ ಹಕ್ಕು ನನಗೆಷ್ಟಿದೆ ಎಂದು ಓದುಗರು ತೀರ್ಮಾನಿಸಲಿ.

ಆದರೂ ಪುಸ್ತಕ ಓದಿ ಎನ್ನುತ್ತೇನೆ. ಬಿರುಗಾಳಿಯನ್ನು ಕೂಗದೆ ಹೇಳುವುದು ಹೇಗೆ ಎಂದು ತಿಳಿಯಲು ಓದಿ. ನಿಂತದ್ದೆಲ್ಲ ಕೆಟ್ಟದ್ದಲ್ಲ ಎಂದು ಒಂದು ಮುದಿ ಕುದುರೆಯಿಂದ ತಿಳಿಯಲು ಓದಿ. ಓದುವಾಗ ಪೆನ್ಸಿಲ್ ಇಟ್ಟುಕೊಳ್ಳಿ. ಯಾರಾದರೂ ಹಗ್ಗ ಹಿಡಿದಲ್ಲಿ, ದಾರಿ ತೋರಿಸಿದಲ್ಲಿ, ಮೇವು ತಂದಲ್ಲಿ ಅಂಚಿನಲ್ಲಿ ಒಂದು ಗೀಟು ಹಾಕುತ್ತ ಹೋಗಿ. ಪುಸ್ತಕ ಮುಗಿಯುವಷ್ಟರಲ್ಲಿ ಆ ಗೀಟುಗಳೇ ಇನ್ನೊಂದು ಪ್ರಯಾಣ ಕಥನದಷ್ಟಾಗುತ್ತವೆ.

ಅವ್ವನ ಕಾಲು ಈಗ ಚೆನ್ನಾಗಿದೆ. ಗಣೇಶನ ಹಬ್ಬಕ್ಕೆ ಊರಿಗೆ ಹೋಗುವಾಗ ಘಾಟಿನಲ್ಲಿ ಕಾರು ನಿಲ್ಲಿಸಿದೆ. ತಾಡಪತ್ರೆ ಇತ್ತು, ಅಂಗಡಿ ಮುಚ್ಚಿತ್ತು. ಹಬ್ಬಕ್ಕೆ ಅವನೂ ತನ್ನೂರಿಗೆ ಹೋಗಿರಬೇಕು. ದೀಪಾವಳಿಗೆ ಮತ್ತೆ ಹೋಗುವುದಿದೆ.